ಚೀಟಿ ಎತ್ತುವುದನ್ನು ಕನ್ನಡದಲ್ಲಿ ಹೇಳಲಿ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ

ಮಾನ್ಯರೇ,

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಮಕುಲಾಧಿಪತಿಗಳೂ ಆಗಿರುವ ತಮಗೆ ಈ ಪತ್ರ ಬರೆಯುತ್ತಿರುವ ನಾನು ಇಪ್ಪತ್ತಾರು ವರ್ಷ ಸಮುದಾಯ ವೈದ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ನನ್ನ ಅಹವಾಲು ಒಂದೇ. ವೈದ್ಯಕೀಯ ನೀತಿಯನ್ನೂ (ಎಥಿಕ್ಸ್) ಸಂಖ್ಯಾಶಾಸ್ತ್ರವನ್ನೂ (ಸ್ಟ್ಯಾಟಿಸ್ಟಿಕ್ಸ್) ನಾವು ಬೇರೆ ಬೇರೆ ತರಗತಿಗಳಲ್ಲಿ ಕಲಿಸುತ್ತಿದ್ದೇವೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಅವೆರಡೂ ಒಂದೇ ಪಾಠ.

ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಹರ್ನಿಯಾ ಆಪರೇಷನ್ನಿಗೆ ದಾಖಲಾಗಿದ್ದ ರೈತನೊಬ್ಬನ ಮುಂದೆ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಯೊಬ್ಬ ತನ್ನ ಥೀಸಿಸ್‌ಗಾಗಿ, ಅಂದರೆ ಸಂಶೋಧನಾ ಪ್ರಬಂಧಕ್ಕಾಗಿ, ಒಪ್ಪಿಗೆ ಪತ್ರ ಹಿಡಿದು ನಿಂತಿದ್ದ. ನೋವು ಕಡಿಮೆ ಮಾಡುವ ಎರಡು ಮದ್ದುಗಳನ್ನು ಹೋಲಿಸುವ ಅಧ್ಯಯನ ಅದು. ಪತ್ರದಲ್ಲಿ ‘ತಮ್ಮನ್ನು ಯಾದೃಚ್ಛಿಕವಾಗಿ ಒಂದು ಗುಂಪಿಗೆ ನಿಯೋಜಿಸಲಾಗುವುದು’ ಎಂದಿತ್ತು. “ಹಂಗಂದ್ರೇನ್ರೀ ಸಾಹೇಬ್ರ?” ಎಂದು ರೈತ ಕೇಳಿದ. ಹುಡುಗ ತುಸು ತಡೆದು, “ಅದು ಕಂಪ್ಯೂಟರ್ ಮಾಡುತ್ತೆ, ಇಲ್ಲಿ ಸೈನ್ ಹಾಕಿ” ಎಂದ. ಹಾಕಿದ ಮೇಲೆ ರೈತ ಕೇಳಿದ್ದು, “ಈಗ ಆಪರೇಷನ್ ಲಗೂನ ಆಗ್ತದಲ್ರೀ?”

ಆ ಹುಡುಗ ಕೆಟ್ಟವನಲ್ಲ. ಯಾರಿಗೆ ಯಾವ ಮದ್ದು ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಟ್ಟರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಗುಂಪಿಗೆ ಸೇರಿ ಹೊಸ ಮದ್ದು ಸುಮ್ಮನೆ ಗೆದ್ದುಬಿಡುತ್ತದೆ, ಆದ್ದರಿಂದ ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತೇವೆ ಎಂಬುದು ಅವನಿಗೇ ಮನದಟ್ಟಾಗಿರಲಿಲ್ಲ. ತನಗೆ ತಿಳಿಯದ್ದನ್ನು ರೋಗಿಗೆ ತಿಳಿಸುವ ಬಗೆ ಯಾವುದು? ಸಹಿ ಇದ್ದ ಮಾತ್ರಕ್ಕೆ ಒಪ್ಪಿಗೆ ಇದ್ದಂತಾಗುವುದಿಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಆರಂಭವಾದ ಎಚ್‌ಪಿವಿ ಲಸಿಕೆಯ (ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ) ಅಧ್ಯಯನಕ್ಕೆ ಅನೇಕ ಬಾಲಕಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಸಂಸತ್ತಿನ ಸ್ಥಾಯಿ ಸಮಿತಿ 2013ರ ವರದಿಯಲ್ಲಿ ಅದನ್ನು ಕಟುವಾಗಿ ಟೀಕಿಸಿತು.

ರೋಗಪತ್ತೆಯ ಮಾತೂ ಹೀಗೆಯೇ. ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆಗೆ 10,000 ಜನರನ್ನು ಪರೀಕ್ಷಿಸೋಣ. ಪರೀಕ್ಷೆಯು ರೋಗಿಗಳಲ್ಲಿ ನೂರಕ್ಕೆ 99 ಮಂದಿಯನ್ನು ಹಿಡಿಯುತ್ತದೆ, ಆರೋಗ್ಯವಂತರಲ್ಲಿ ನೂರಕ್ಕೆ 99 ಮಂದಿಯನ್ನು ಸರಿಯಾಗಿಯೇ ಬಿಡುತ್ತದೆ ಎಂದುಕೊಳ್ಳಿ. ಇರುವ 10 ರೋಗಿಗಳು ಹೆಚ್ಚುಕಡಿಮೆ ಎಲ್ಲರೂ ಸಿಗುತ್ತಾರೆ. ಉಳಿದ 9,990 ಜನರಲ್ಲಿ ಸುಮಾರು 100 ಮಂದಿಗೂ ‘ಪಾಸಿಟಿವ್’ ಬರುತ್ತದೆ. ಅಂದರೆ ಪಾಸಿಟಿವ್ ಬಂದ 110 ಮಂದಿಯಲ್ಲಿ ನಿಜವಾಗಿ ಕಾಯಿಲೆ ಇರುವವರು ಹತ್ತೇ ಮಂದಿ. ಈ ಲೆಕ್ಕವನ್ನು ಕಾಲೇಜಿನ ಪರೀಕ್ಷೆಯಲ್ಲಿ ಸೂತ್ರ ಹಾಕಿ ಬಿಡಿಸಿದ ಹುಡುಗಿಯೇ ಮರುವರ್ಷ ವಾರ್ಡಿನಲ್ಲಿ ಮೊದಲ ರಿಪೋರ್ಟ್ ನೋಡಿ “ನಿಮಗೆ ಕಾಯಿಲೆ ಇದೆ” ಎಂದುಬಿಟ್ಟದ್ದನ್ನು ಕೇಳಿದ್ದೇನೆ. ಎಂಬಿಬಿಎಸ್ ಪಠ್ಯಕ್ರಮದಲ್ಲಿ 2019ರಿಂದ ನಡವಳಿಕೆ, ನೀತಿ, ಸಂವಹನಗಳಿಗೆಂದೇ ‘ಎಟ್‌ಕಾಮ್’ ಎಂಬ ಪಾಠವಿದೆ. ಸತ್ಯ ಹೇಳಬೇಕೆಂದು ಅದು ಕಲಿಸುತ್ತದೆ. ಯಾವ ರಿಪೋರ್ಟಿನಲ್ಲಿ ಎಷ್ಟು ಸತ್ಯವಿದೆ ಎಂದು ಅಳೆಯುವ ವಿದ್ಯೆ ಮಾತ್ರ ಬೇರೆ ಕೊಠಡಿಯಲ್ಲಿ ಉಳಿದಿದೆ.

ಇನ್ನು ಪಿಜಿ ಥೀಸಿಸ್. ಪಿ ವ್ಯಾಲ್ಯೂ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.05ಕ್ಕಿಂತ ಕೆಳಗೆ ಬರದಿದ್ದರೆ ಥೀಸಿಸ್ ಬಿದ್ದುಹೋಗುತ್ತದೆ ಎಂಬ ಮೂಢನಂಬಿಕೆ ಹಾಸ್ಟೆಲ್‌ಗಳಲ್ಲಿ ಬೇರೂರಿದೆ, ಥೀಸಿಸ್‌ಗೆ ಗೈಡ್ ಆಗಿರುವ ಕೆಲವು ಪ್ರಾಧ್ಯಾಪಕರಲ್ಲೂ ಇದೆ. ವ್ಯತ್ಯಾಸವೇ ಇಲ್ಲದ ಇಪ್ಪತ್ತು ಹೋಲಿಕೆ ಮಾಡಿದರೆ ಸರಾಸರಿ ಒಂದು ಹೋಲಿಕೆ ಆಕಸ್ಮಿಕವಾಗಿಯೇ ಆ ಗೆರೆಯ ಕೆಳಗೆ ಬರುತ್ತದೆ. ಬರುವ ತನಕ ಹುಡುಕುವವರಿದ್ದಾರೆ. ಬರದಿದ್ದರೆ ಎಲ್ಲ ರೋಗಿಗಳ ವಿವರ ಬರೆದಿಡುವ ಮಾಸ್ಟರ್ ಚಾರ್ಟ್‌ನ ಅಂಕಿಗಳನ್ನೇ “ಸ್ವಲ್ಪ ನೋಡಪ್ಪ” ಎನ್ನುವವರೂ ಇದ್ದಾರೆ. ಒಮ್ಮೆ ನನ್ನ ಮೇಜಿಗೆ ಬಂದ ಚಾರ್ಟ್‌ನಲ್ಲಿ ಅರವತ್ತು ರೋಗಿಗಳ ರಕ್ತದೊತ್ತಡವೂ ಸೊನ್ನೆಯಲ್ಲೋ ಐದರಲ್ಲೋ ಕೊನೆಗೊಂಡಿತ್ತು. ನಿಜವಾಗಿ ಅಳೆದ ಅಂಕಿಗಳು ಇಷ್ಟು ಒಪ್ಪವಾಗಿ ಬರುವುದು ಅಪರೂಪ. ಆ ವಿದ್ಯಾರ್ಥಿಗೆ ನಾನು ಛೀಮಾರಿ ಹಾಕಲಿಲ್ಲ, ಕಾಲೇಜಿಗೆ ವರದಿಯನ್ನೂ ಕೊಡಲಿಲ್ಲ, ಕೊಡಬೇಕಿತ್ತು.

ಪಿಜಿಗಳಿಗೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಚೆನ್ನೈ ಸಂಸ್ಥೆ ನಡೆಸುವ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸ್ ಕಡ್ಡಾಯವಾಗಿದೆಯಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಕೋರ್ಸ್ ಚೆನ್ನಾಗಿದೆ. ನೈಟ್ ಡ್ಯೂಟಿಯಲ್ಲಿ ವಿಡಿಯೊ ತನ್ನ ಪಾಡಿಗೆ ಓಡುತ್ತಿರುತ್ತದೆ, ಹುಡುಗರು ಡ್ರಿಪ್ ಹಾಕುತ್ತಿರುತ್ತಾರೆ.

ಆದ್ದರಿಂದ ಹೊಸ ವಿಷಯ, ಹೊಸ ಪುಸ್ತಕ ಯಾವುದನ್ನೂ ಕೇಳುತ್ತಿಲ್ಲ. ಎಂಬಿಬಿಎಸ್ ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಯು ಒಂದು ರೋಗಪರೀಕ್ಷೆಯ ಫಲಿತಾಂಶವನ್ನು, ಅದು ತಪ್ಪಾಗಿರುವ ಸಾಧ್ಯತೆಯ ಸಮೇತ, ರೋಗಿಗೆ ಕನ್ನಡದಲ್ಲಿ ವಿವರಿಸುವುದಕ್ಕೆ ಅಂಕ ಇಡಿಸಿ. ವ್ಯತ್ಯಾಸ ಕಾಣಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದ ಥೀಸಿಸ್‌ಗೂ ಸಮಾನ ಮನ್ನಣೆ ಇದೆ ಎಂದು ವಿಶ್ವವಿದ್ಯಾಲಯದಿಂದ ಲಿಖಿತ ಸುತ್ತೋಲೆ ಹೊರಡಿಸಿ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಅಧ್ಯಯನಗಳಿಗೆ ಅನುಮತಿ ಕೊಡುವ ಪ್ರತಿ ಎಥಿಕ್ಸ್ ಕಮಿಟಿಯಲ್ಲೂ ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರು ಇರಬೇಕು. ಕನ್ನಡದ ಒಪ್ಪಿಗೆ ಪತ್ರವನ್ನು ಅವರೆದುರು ಗಟ್ಟಿಯಾಗಿ ಓದಿಸಿ, ಅವರಿಗೆ ಅರ್ಥವಾಗುವ ತನಕ ಅಧ್ಯಯನಕ್ಕೆ ಅನುಮತಿ ಸಿಗದಂತೆ ಮಾಡಿ. ಅಂಥ ಕೆಲವು ಪತ್ರಗಳ ಕರಡನ್ನು ನಾನೇ ಬರೆದಿಟ್ಟಿದ್ದೇನೆ, ತಮ್ಮ ಕಚೇರಿ ಕೇಳಿದರೆ ಕಳುಹಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಮುದಾಯ ವೈದ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ