ಗೆಳೆಯನಿಗೊಂದು ಪತ್ರ: ಶನಿವಾರ, ಸಂಜೆ ಐದೂಕಾಲು

ಪ್ರೀತಿಯ ಶ್ರೀಪತಿ,

(ಉಳಿದವರೂ ಓದಬಹುದು. ಬೇಡವೆಂದರೆ ಬಿಡುವವರೇನಲ್ಲ ನೀವು.)

ನಿನಗೆ ಪತ್ರ ಬರೆದು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕುವುದಿಲ್ಲ. ನಮ್ಮಿಬ್ಬರ ಲೆಕ್ಕಾಚಾರಕ್ಕೆ ಅರಸೀಕೆರೆ ಪ್ಲಾಟ್‌ಫಾರ್ಮಿನಲ್ಲಿ ಆದ ಮರ್ಯಾದೆಯೇ ಸಾಕು. ನೇರ ವಿಷಯಕ್ಕೆ ಬರುತ್ತೇನೆ: ನನಗೆ ಹೊಸದೊಂದು ಗೀಳು ಹಿಡಿದಿದೆ. ಬಿಬಿಸಿಯವರು ತಮ್ಮ ಹಳೆಯ ಕಾರ್ಯಕ್ರಮ ಪಟ್ಟಿಗಳನ್ನು ಅಂತರ್ಜಾಲದಲ್ಲಿ ಹಾಕಿದ್ದಾರೆ. ರಾತ್ರಿ ಊಟವಾದ ಮೇಲೆ ನಾನು ಅವನ್ನು ಪಂಚಾಂಗ ತೆರೆದಂತೆ ತೆರೆಯುತ್ತೇನೆ. ಯಾವುದೋ ವರ್ಷ, ಯಾವುದೋ ತಿಂಗಳು, ಆ ಸಂಜೆ ಟಿವಿಯಲ್ಲಿ ಏನಿತ್ತು? ನಾನು ಹುಟ್ಟುವ ಮೊದಲೇ ಮುಗಿದುಹೋದ ಸಂಜೆಗಳು, ನಾನು ಕಾಲಿಡದ ದೇಶ. ನಗಬೇಡ. ನೀನು ಕಾಲೇಜಿನಲ್ಲಿ ಕಾದಂಬರಿಯ ಹಾಗೆ ರೈಲ್ವೆ ಟೈಮ್‌ಟೇಬಲ್ ಓದುತ್ತಿದ್ದಾಗ ನಾನು ನಗಲಿಲ್ಲ. ನಕ್ಕಿದ್ದರೂ ಹೊರಗೆ ಹೋಗಿ ನಕ್ಕಿದ್ದೆ.

ಸದ್ಯ ನಾನು ಸಿಕ್ಕಿಕೊಂಡಿರುವುದು 1963ರ ನವೆಂಬರ್ 23ರಲ್ಲಿ. ಹಿಂದಿನ ದಿನ ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾಗಿದೆ. ಆ ಸುದ್ದಿ ಹೇಳಿದ ಮೇಲೂ ಬಿಬಿಸಿ ಹ್ಯಾರಿ ವರ್ತ್‌ನ ಹಾಸ್ಯ ಕಾರ್ಯಕ್ರಮ ಹಾಕಿ ಜನರಿಂದ ಚೆನ್ನಾಗಿ ಬೈಸಿಕೊಂಡಿದೆ. ಮರುದಿನ ಶನಿವಾರ. ಮಧ್ಯಾಹ್ನವೆಲ್ಲ ಎಂದಿನಂತೆ ಕ್ರೀಡೆ. ಐದೂಕಾಲಕ್ಕೆ ಕಾಲದಲ್ಲಿ ಹಿಂದೆ ಮುಂದೆ ಓಡಾಡುವವರ ಹೊಸ ಧಾರಾವಾಹಿಯೊಂದರ ಮೊದಲ ಕಂತು, 'ಡಾಕ್ಟರ್ ಹೂ'. ಗುಜರಿ ಸಾಮಾನಿನ ಅಂಗಳದಲ್ಲಿ ಒಂದು ಪೊಲೀಸ್ ಪೆಟ್ಟಿಗೆ, ಅಂದರೆ ಪೊಲೀಸರಿಗೆ ಫೋನ್ ಮಾಡಲು ಬೀದಿಯಲ್ಲಿ ಇಡುತ್ತಿದ್ದ ಗೂಡು. ಹೊರಗಿನಿಂದ ಇಬ್ಬರು ಒತ್ತಿಕೊಂಡು ನಿಲ್ಲುವಷ್ಟು ಜಾಗ, ಒಳಗೆ ಕಾಲಿಟ್ಟರೆ ದೊಡ್ಡ ಹಜಾರ. ಆ ದಿನ ಬ್ರಿಟನ್ನಿನವರ ಮನಸ್ಸು ಬೇರೆಲ್ಲೋ ಇತ್ತು. ಹಾಗಾಗಿ ಮುಂದಿನ ಶನಿವಾರ ಎರಡನೆಯ ಕಂತಿಗೆ ಮೊದಲು ಇದನ್ನೇ ಇನ್ನೊಮ್ಮೆ ತೋರಿಸಿದರು. ಮೊದಲ ಕಂತು ಬಂದ ಆ 23ರ ರಾತ್ರಿಯೇ, ವಾರವಾರವೂ ದೊಡ್ಡವರ ಪಂಚೆ ಎಳೆಯುತ್ತಿದ್ದ ಡೇವಿಡ್ ಫ್ರಾಸ್ಟ್‌ನ ತಂಡ ಗೇಲಿಯನ್ನೆಲ್ಲ ಬದಿಗಿಟ್ಟು, ಇಪ್ಪತ್ತು ನಿಮಿಷಗಳಲ್ಲಿ ಶ್ರದ್ಧಾಂಜಲಿ ಮುಗಿಸಿ ಎದ್ದುಹೋಯಿತು.

ಮೊದಲ ಕಂತಿನ ನಿರ್ದೇಶಕ ವಾರಿಸ್ ಹುಸೇನ್ ಹುಟ್ಟಿದ್ದು ಲಖನೌದಲ್ಲಿ. ಲೇಖಕಿ ಅತಿಯಾ ಹುಸೇನ್ ಅವರ ಮಗ. ಆಗ ಅವರಿಗೆ 24 ವರ್ಷ, ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ 27. ಪಶ್ಚಿಮ ಲಂಡನ್ನಿನ ಲೈಮ್ ಗ್ರೋವ್ ಎಂಬ ಹಳೆಯ ಸ್ಟುಡಿಯೋದ ಇಕ್ಕಟ್ಟಿನಲ್ಲಿ, ದೀಪಗಳ ಸೆಕೆಯಲ್ಲಿ ಚಿತ್ರೀಕರಣ. ವಿಡಿಯೋ ಟೇಪನ್ನು ಸಂಕಲಿಸುವುದೆಂದರೆ ಅಕ್ಷರಶಃ ಕತ್ತರಿಸುವುದು, ಅದಕ್ಕೆ ದುಡ್ಡು ದಂಡ. ಆದ್ದರಿಂದ ರಂಗದ ಮೇಲಿನ ನಾಟಕದಂತೆ ಎಡೆಬಿಡದೆ ಆಡಿಸಿ ಮುದ್ರಿಸುತ್ತಿದ್ದರು. ನಾಯಕನ ಪಾತ್ರದ ವಿಲಿಯಂ ಹಾರ್ಟ್‌ನೆಲ್ ಎಷ್ಟೋ ಕಡೆ ಮಾತು ತಡವರಿಸುತ್ತಾರೆ. ಅದೂ ಹಾಗೆಯೇ ಪ್ರಸಾರವಾಗಿದೆ. ಈಗಿನ ನುಣ್ಣನೆಯ ಧಾರಾವಾಹಿಗಳಿಗಿಂತ ನನಗೆ ಆ ತಡವರಿಕೆಯೇ ಇಷ್ಟ. (ನಿನ್ನ ವಾರ್ಷಿಕೋತ್ಸವದ ಭಾಷಣ ಇದಕ್ಕೆ ಅಪವಾದ.)

ಹುಸೇನ್ ಮರುವರ್ಷ ಇದೇ ಧಾರಾವಾಹಿಗೆ ಮಾರ್ಕೋ ಪೋಲೋನ ಕಥೆಯನ್ನು ಏಳು ಕಂತುಗಳಲ್ಲಿ ಮಾಡಿದರು. ಒಂದು ಕಂತು ಮಾತ್ರ ಇನ್ನೊಬ್ಬರದು. ಆ ಏಳರಲ್ಲಿ ಈಗ ಒಂದೂ ಇಲ್ಲ. ಆಗ ವಿಡಿಯೋ ಟೇಪ್ ಬಲು ದುಬಾರಿ. ಕಲಾವಿದರ ಸಂಘದ ಒಪ್ಪಂದದಿಂದಾಗಿ ಹಳೆಯದನ್ನು ಮತ್ತೆ ಮತ್ತೆ ಪ್ರಸಾರ ಮಾಡುವಂತೆಯೂ ಇರಲಿಲ್ಲ. ಬಣ್ಣದ ಕಾಲ ಬಂದ ಮೇಲಂತೂ ಕಪ್ಪು ಬಿಳುಪನ್ನು ಕೊಳ್ಳುವವರೂ ಇಲ್ಲ. ಅಳಿಸಿದರು, ಅದೇ ಟೇಪಿನ ಮೇಲೆ ಬೇರೆ ಏನನ್ನೋ ಮುದ್ರಿಸಿದರು. ಹೊರದೇಶಗಳಿಗೆ ಮಾರಲು ಮಾಡಿದ್ದ ಫಿಲ್ಮ್ ಪ್ರತಿಗಳೂ ಕಸಕ್ಕೆ ಹೋದವು. ಕೆಲವು ಮಾತ್ರ ಎಲ್ಲೆಲ್ಲೋ ಉಳಿದು, 2013ರಲ್ಲಿ ನೈಜೀರಿಯಾದ ಜೋಸ್ ಪಟ್ಟಣದಿಂದ ಒಂಬತ್ತು ಕಂತುಗಳು ಹೊರಬಂದವು. ಮಾರ್ಕೋ ಪೋಲೋ ಅದರಲ್ಲಿರಲಿಲ್ಲ.

ಆದರೆ ಏಳೂ ಕಂತುಗಳ ಧ್ವನಿ ಇದೆ! ನನ್ನ ತಲೆ ಕೆಡಿಸಿದ್ದು ಇದೇ. ಆ ಕಾಲದ ಹುಡುಗರು ಟಿವಿಯ ಪಕ್ಕ ಸುರುಳಿಯ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಇನ್ನೆಂದೂ ನೋಡಲು ಸಿಗದ್ದನ್ನು ಕೇಳಲಿಕ್ಕಾದರೂ ಇರಲಿ ಎಂದು ಮುದ್ರಿಸಿಕೊಂಡರು. ಮನೆಯಲ್ಲಿ ಕುಳಿತು ಟಿವಿ ಪರದೆಗೆ ಕ್ಯಾಮೆರಾ ಹಿಡಿದು ಸಣ್ಣ ಸಣ್ಣ ಚಿತ್ರ ತೆಗೆದು ನಿರ್ದೇಶಕರಿಗೆ, ನಟರಿಗೆ ಮಾರುತ್ತಿದ್ದ ಜಾನ್ ಕ್ಯೂರಾ ಎಂಬ ಪುಣ್ಯಾತ್ಮನೂ ಇದ್ದ. ಈಗ ಅಭಿಮಾನಿಗಳು ಆ ಧ್ವನಿಗೆ ಆ ಚಿತ್ರಗಳನ್ನು ಜೋಡಿಸಿ ನೋಡುತ್ತಾರೆ. ನಾನೂ ದೀಪ ಆರಿಸಿ ಕುಳಿತು ನೋಡಿದೆ. ಕುಬ್ಲಾಯ್ ಖಾನ್ ಮಾತನಾಡುತ್ತಾನೆ, ತುಟಿ ಅಲ್ಲಾಡುವುದಿಲ್ಲ.

ನೋಡುತ್ತ ಕುಳಿತಾಗ ನನಗೆ ಕುಬ್ಲಾಯ್ ಖಾನ್ ಬೇಕಾಗಿಯೇ ಇಲ್ಲವೆಂದು ತಿಳಿಯಿತು. ನನ್ನ ಕಿವಿ ಹುಡುಕುತ್ತಿದ್ದದ್ದು ಆ ಹುಡುಗನ ಕೋಣೆಯನ್ನು. ಯಾರಾದರೂ ಕೆಮ್ಮುತ್ತಾರೆಯೇ, ಕುರ್ಚಿ ಎಳೆಯುತ್ತಾರೆಯೇ, ಅಡುಗೆಮನೆಯಿಂದ ಅವನ ತಾಯಿ ಚಹಾ ಆರಿಹೋಯಿತೆಂದು ಕೂಗುತ್ತಾಳೆಯೇ? ಏನೂ ಇಲ್ಲ. ಈಗ ನಮಗೆ ಸಿಗುವುದು ಸದ್ದುಗದ್ದಲವನ್ನು ಸೋಸಿ ತೆಗೆದ ಪ್ರತಿ. ಕಲಬೆರಕೆಯೇ ಬೇಕಾದವನಿಗೆ ಶುದ್ಧ ಮಾಲು ಕೊಟ್ಟರೆ ಹೇಗೆ?

ಈಗ ಒಂದು ಮಾತು. ಮೊನ್ನೆ ನೀನು ರೈಲಿನ ಟಿಕೆಟ್ಟಿನ ವಿಷಯವಾಗಿ ಕಳಿಸಿದ ಧ್ವನಿ ಸಂದೇಶವನ್ನು ನಾನು ಇನ್ನೂ ಕೇಳುತ್ತಿದ್ದೇನೆ. ಟಿಕೆಟ್ಟಿಗಾಗಿ ಅಲ್ಲ. ಅದರ ಹಿಂದೆ ನಿಮ್ಮ ಮನೆಯ ಕುಕ್ಕರ್ ಕೂಗುತ್ತದೆ, ನಿನ್ನಮ್ಮ ಯಾರಿಗೋ ಮೊಸರಿನ ಪಾತ್ರೆ ಮುಚ್ಚೆನ್ನುತ್ತಾರೆ, ಬಾಗಿಲು ಧಡಾರೆಂದು ಬಡಿದುಕೊಳ್ಳುತ್ತದೆ, ನೀನು ಮಾತು ನಿಲ್ಲಿಸಿ "ಏನಂತೆ?" ಎಂದು ಯಾರನ್ನೋ ಕೇಳುತ್ತೀಯೆ. ನಾನು ಕೇಳುವುದು ಆ "ಏನಂತೆ"ಯನ್ನು. ನನ್ನ ಮನೆಯಲ್ಲಿ ಯಾರೂ ಯಾರನ್ನೂ ಏನಂತೆ ಎಂದು ಕೇಳುವುದಿಲ್ಲ. ಇವಳು ಮಗಳ ಬಾಣಂತನಕ್ಕೆಂದು ಪುಣೆಗೆ ಹೋದದ್ದು ನಿನಗೆ ಗೊತ್ತು. ಬಾಣಂತನ ಮುಗಿದಿದೆ ಎಂಬುದು ಗೊತ್ತಿಲ್ಲ. ಮಗು ಈಗ ಗೋಡೆ ಹಿಡಿದು ನಡೆಯುತ್ತದೆ. ಯಾವಾಗ ಬರುತ್ತೀ ಎಂದು ನಾನು ಕೇಳಿಲ್ಲ. ಬರುತ್ತೇನೆಂದು ಅವಳು ಹೇಳಿಲ್ಲ. ದಿನವೂ ಫೋನಿನಲ್ಲಿ ಮಾತನಾಡುತ್ತೇವೆ: ಹಾಲಿನವನು, ವಿದ್ಯುತ್ ಬಿಲ್ಲು, ಮಗುವಿನ ಹಲ್ಲು. ಜಗಳವೇನೂ ಆಗಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು.

ಇಷ್ಟನ್ನು ಬರೆಯಬೇಕೆಂದು ಕುಳಿತವನಲ್ಲ. ಬಿಬಿಸಿಯ ಬಗ್ಗೆ ಎರಡು ಮಾತು ಬರೆದು, ಪಾಂಡಿತ್ಯ ಮೆರೆದು, ನಿನ್ನನ್ನು ನಾಲ್ಕು ಜನರೆದುರು ಹಂಗಿಸಿ ಎದ್ದುಹೋಗುವ ಯೋಜನೆ ಇತ್ತು. ಅಳಿಸಿಬಿಡೋಣವೆಂದರೆ, ಅಳಿಸುವವರನ್ನು ಈಗಷ್ಟೇ ಅಷ್ಟೊಂದು ಬೈದಿದ್ದೇನೆ.

ಸಾಂತ್ವನ ಹೇಳಲು ಫೋನ್ ಮಾಡಬೇಡ, ನಿನಗದು ಬರುವುದಿಲ್ಲ. ಛತ್ರಿ ಪ್ರಕರಣದಲ್ಲಿ ನೋಡಿಯಾಗಿದೆ. ಟಿಕೆಟ್ಟಿನ ಬಗ್ಗೆಯೇ ಇನ್ನೊಂದು ಸಂದೇಶ ಕಳಿಸು, ಅಡುಗೆಮನೆಯ ಹತ್ತಿರ ನಿಂತು. ಓದುಗ ಮಹಾಶಯರು ಕನಿಕರ ಪಡುವ ಅಗತ್ಯವಿಲ್ಲ. ನನ್ನ ಮನೆ ತೀರಾ ನಿಶ್ಶಬ್ದವಾಗಿಯೇನೂ ಇಲ್ಲ, ಫ್ರಿಜ್ ಹಗಲೂ ರಾತ್ರಿ ಗೊರಕೆ ಹೊಡೆಯುತ್ತದೆ. ರಿಪೇರಿಯವನು ಶನಿವಾರ ಬರುತ್ತೇನೆಂದಿದ್ದಾನೆ. ಯಾವ ಶನಿವಾರವೆಂದು ಹೇಳಿಲ್ಲ.

ಇಂತಿ ನಿನ್ನ
ಮಾಜಿ ಮುಖ್ಯ ಅತಿಥಿ