ಅಪ್ಪ, ಕಣ್ಣಿನ ಹಣವನ್ನು ನನ್ನ ಫೀಸಿಗೆ ಎತ್ತಿಡಬೇಡಿ

ಎಡಿನ್‌ಬರೊ
ಮಾರ್ಚ್ 9

ತೀರ್ಥರೂಪ ತಂದೆಯವರಿಗೆ ವೀಣಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಪತ್ರ ಸೋಮವಾರ ಕೈಸೇರಿತು. ಅದನ್ನು ಬಿಡಿಸಿದ ಗಳಿಗೆಯಿಂದ ಒಂದು ವಿಷಯ ನನ್ನ ಮನಸ್ಸನ್ನು ಕೊರೆಯುತ್ತಿದೆ. ಜೀವನವಿಡೀ ಲೆಕ್ಕ ಬರೆದ ನಿಮ್ಮ ಅಕ್ಷರ ಗೆರೆ ಬಿಟ್ಟು ಸರಿದದ್ದನ್ನು ನಾನು ಕಂಡವಳೇ ಅಲ್ಲ. ಈ ಸಲ ಸಾಲುಗಳು ಬಲಕ್ಕೆ ಹೋದಂತೆಲ್ಲ ಮೇಲಕ್ಕೇರಿವೆ, ಫೀಸಿನ ಲೆಕ್ಕದಲ್ಲಿ 8ರ ಮೇಲೆ ಎರಡೆರಡು ಬಾರಿ ತಿದ್ದಿದ್ದೀರಿ, ಕೂಡಿಸಿದ ಮೊತ್ತ ಪಕ್ಕದ ಕಾಲಮ್ಮಿಗೆ ಜಾರಿದೆ. ಕೂಡಲೇ ಸುಮಾಳಿಗೆ ಫೋನ್ ಮಾಡಿದೆ. ಮೊದಲು ಏನೂ ಇಲ್ಲವೆಂದಳು. ಬಿಡದೆ ಕೇಳಿದ ಮೇಲೆ, ಎರಡೂ ಕಣ್ಣಿಗೆ ಪೊರೆ ಬಂದಿದೆಯೆಂದೂ, ಡಾಕ್ಟರು ಐದು ತಿಂಗಳ ಹಿಂದೆಯೇ ಆಪರೇಷನ್ ಮಾಡಿಸಿಕೊಳ್ಳಿ ಎಂದಿದ್ದರೆಂದೂ, ವೀಣಾಳ ಸೆಪ್ಟೆಂಬರ್ ಫೀಸು ಕಟ್ಟಿದ ಮೇಲೆ ನೋಡೋಣ ಎಂದು ನೀವು ಎದ್ದು ಬಂದಿರೆಂದೂ ಹೇಳಿದಳು. ದಯವಿಟ್ಟು ಅವಳನ್ನು ಗದರಬೇಡಿ. ಫೋನಿನಲ್ಲಿ ಈ ಮಾತೆತ್ತಿದರೆ "ಅದೆಲ್ಲ ಆಮೇಲೆ" ಎಂದು ನೀವು ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ, ಅದಕ್ಕಾಗಿಯೇ ಇಷ್ಟು ದಪ್ಪ ಅಕ್ಷರದಲ್ಲಿ ಕಾಗದ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆಗಳಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಪ್ರಬಂಧಕ್ಕೆ ಬಂದದ್ದು 68 ಅಂಕ ಎಂದು ನೀವು ನೊಂದುಕೊಳ್ಳಬೇಕಾಗಿಲ್ಲ. ಇಲ್ಲಿ 70 ದಾಟಿದರೆ ಪ್ರಥಮ ದರ್ಜೆ, ಅದರ ಕೆಳಗಿನ ದರ್ಜೆ 60ರಿಂದ ಆರಂಭವಾಗುತ್ತದೆ, 90 ಎನ್ನುವುದನ್ನು ಪ್ರಬಂಧಗಳಿಗೆ ಕೊಟ್ಟದ್ದನ್ನು ನಾನಂತೂ ನೋಡಿಲ್ಲ. ಉತ್ತರಪತ್ರಿಕೆಯ ಮೇಲೆ ನಮ್ಮ ಹೆಸರೂ ಇರುವುದಿಲ್ಲ, ಬರೀ ಒಂದು ಸಂಖ್ಯೆ. ಯಾರ ಬರಹವೆಂದು ತಿಳಿಯದೆ ತಿದ್ದಿದವರು ಕೊಟ್ಟ 68 ಅದು, ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಇನ್ನು ಬಿ.ಎ. ಮುಗಿಸದೆ ಎಂ.ಎ. ಹೇಗೆ ಎಂದು ರಾಘು ಚಿಕ್ಕಪ್ಪ ಕೇಳಿದ್ದಾರಂತೆ. ಸ್ಕಾಟ್ಲೆಂಡಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಕಲಾ ವಿಭಾಗದ ನಾಲ್ಕು ವರ್ಷದ ಮೊದಲ ಪದವಿಗೇ ಎಂ.ಎ. ಎಂದು ಹೆಸರು, ಶತಮಾನಗಳಿಂದ ಬಂದ ರೂಢಿ. ಅರ್ಥಶಾಸ್ತ್ರವೆಂದರೆ ಸ್ವಾರ್ಥದ ಶಾಸ್ತ್ರ ಎಂದೂ ಅವರು ಅಂದಿದ್ದಾರೆ. ಈ ಊರಿನ ಕ್ಯಾನನ್‌ಗೇಟ್ ಚರ್ಚಿನ ಅಂಗಳದಲ್ಲಿ, ಅರ್ಥಶಾಸ್ತ್ರದ ಪಿತಾಮಹರೆನ್ನುವ, 1790ರಲ್ಲಿ ತೀರಿಕೊಂಡ ಆಡಂ ಸ್ಮಿತ್ ಅವರ ಸಮಾಧಿಯಿದೆ. ಅದರ ಕಲ್ಲಿನ ಮೇಲೆ ಅವರ ಎರಡು ಪುಸ್ತಕಗಳ ಹೆಸರು ಕೆತ್ತಿದ್ದಾರೆ. 1776ರ ರಾಷ್ಟ್ರಗಳ ಸಂಪತ್ತಿನ ಪುಸ್ತಕ ಎರಡನೆಯದು, ಮನುಷ್ಯರು ಒಬ್ಬರಿಗಾಗಿ ಒಬ್ಬರು ಮರುಗುವುದನ್ನು ಕುರಿತ 1759ರ ಪುಸ್ತಕವೇ ಮೊದಲನೆಯದು. ಚಿಕ್ಕಪ್ಪನಿಗೆ ಇದನ್ನು ಖಂಡಿತ ಹೇಳಿ.

ಆ 68 ಅಂಕದ ಪ್ರಬಂಧ ಯಾವುದರ ಮೇಲೆ ಎಂದು ನಿಮಗೆ ತಿಳಿಯಲೇಬೇಕು. ಗ್ಯಾರಿ ಬೆಕರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಕುಟುಂಬವನ್ನೇ ಅರ್ಥಶಾಸ್ತ್ರದ ಲೆಕ್ಕಕ್ಕೆ ತಂದವರು, 1992ರಲ್ಲಿ ನೊಬೆಲ್ ಪಡೆದವರು. ಅವರ ಮಾದರಿಯಲ್ಲಿ ಮನೆಯ ಯಜಮಾನನ ತುಷ್ಟಿಗುಣ, ಅಂದರೆ ಅವನಿಗೆ ಸಿಗುವ ತೃಪ್ತಿ, ಅವನ ಸ್ವಂತ ಅನುಭೋಗದಿಂದ ಮಾತ್ರವಲ್ಲ, ಮಕ್ಕಳ ತುಷ್ಟಿಯಿಂದಲೂ ಹೆಚ್ಚುತ್ತದೆ. ಅವನು ಹೀಗೆ ಹಂಚಿ ಕೊಡುವವನಾದ್ದರಿಂದ, ಸ್ವಾರ್ಥಿಯಾದ ಮಗು ಕೂಡ ಮನೆಯ ಒಟ್ಟು ಆದಾಯ ಹೆಚ್ಚುವಂತೆ ನಡೆದುಕೊಳ್ಳುತ್ತದೆ ಎನ್ನುವುದು ಅವರ ತರ್ಕ. ಅದರ ಸಮೀಕರಣವನ್ನು ಬೋರ್ಡಿನ ಮೇಲೆ ಬರೆದಾಗ, ಮಕ್ಕಳ ತುಷ್ಟಿಯ ಹಿಂದಿದ್ದ, ಅದಕ್ಕೆಷ್ಟು ತೂಕ ಎಂದು ಹೇಳುವ ಆ ಒಂದು ಗುಣಾಂಕದಲ್ಲಿ ನನಗೆ ನೀವೇ ಕಂಡಿರಿ. ನಮ್ಮ ಟ್ಯುಟೋರಿಯಲ್‌ನಲ್ಲಿ ಹತ್ತು ಜನ ಒಂದೇ ಮೇಜಿನ ಸುತ್ತ ಕೂರುತ್ತೇವೆ, ಪ್ರೊಫೆಸರರನ್ನೂ ಹೆಸರು ಹಿಡಿದೇ ಕರೆಯಬೇಕು (ನನಗೆ ಅದು ರೂಢಿಯಾಗಲು ಎರಡು ತಿಂಗಳು ಬೇಕಾಯಿತು). ಮಗುವಿಗೂ ತಂದೆಯ ಮೇಲೆ ಅಷ್ಟೇ ಅಕ್ಕರೆ ಇದ್ದರೆ ಏನಾಗುತ್ತದೆ ಎಂದು ನಾನು ಅಲ್ಲಿ ಕೇಳಿದೆ. ಬರೆದು ತೋರಿಸು ಎಂದರು. ಮೂರು ವಾರ ಕೂತು ಬರೆದೆ. ಇಬ್ಬರ ಅಗತ್ಯವೂ ಇಬ್ಬರಿಗೂ ಗೊತ್ತಿದ್ದಾಗ ಹಂಚಿಕೆ ಸರಿಹೋಗುತ್ತದೆ, ಒಬ್ಬರು ತಮ್ಮ ಅಗತ್ಯವನ್ನು ಮುಚ್ಚಿಟ್ಟರೆ ಇನ್ನೊಬ್ಬರು ಎಷ್ಟೇ ಒಳ್ಳೆಯ ಮನಸ್ಸಿನಿಂದ ಲೆಕ್ಕ ಹಾಕಿದರೂ ತಪ್ಪುತ್ತದೆ, ಬಂದ ಉತ್ತರ ಇದು. ಅದನ್ನು ಬರೆಯುತ್ತಿದ್ದ ದಿನಗಳಲ್ಲೇ ನೀವು ಕಣ್ಣಿನ ಸುದ್ದಿಯನ್ನು ನನ್ನಿಂದ ಮುಚ್ಚಿಟ್ಟಿದ್ದಿರಿ ಎಂದು ನೆನೆದರೆ ನನಗೆ ಅಳು ಬರುತ್ತದೆ ಅಪ್ಪ.

ಈಗ ನಮ್ಮ ಲೆಕ್ಕ ನೋಡಿ. ನನ್ನ ಓದಿನ ಸಾಲದ ಷರತ್ತಿನ ಪ್ರಕಾರ ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಓದುತ್ತಿರುವಾಗಲೇ ಬಡ್ಡಿ ಕಟ್ಟುತ್ತ ಬಂದರೆ ದರದಲ್ಲಿ ಶೇಕಡ 1ರಷ್ಟು ರಿಯಾಯಿತಿ ಸಿಗುತ್ತದೆಂದು ನೀವು ತಿಂಗಳು ತಪ್ಪದೆ ಕಟ್ಟುತ್ತಿದ್ದೀರಿ. ಆರು ತಿಂಗಳು ಅದನ್ನು ನಿಲ್ಲಿಸಿದರೆ ಆ ರಿಯಾಯಿತಿ ಹೋಗಿ, ಕಟ್ಟದ ಬಡ್ಡಿ ಸಾಲಕ್ಕೆ ಸೇರಿದರೂ, ಹೆಚ್ಚಾಗುವ ಹೊರೆಯನ್ನು ನಾನು ಒಂದು ಬೇಸಿಗೆ ರಜೆಯ ಕೆಲಸದಿಂದ ತುಂಬಬಲ್ಲೆ, ಎರಡು ಸಲ ಕೂಡಿಸಿ ನೋಡಿದ್ದೇನೆ. ಸೆಪ್ಟೆಂಬರ್ ಫೀಸನ್ನು ಕಂತಿನಲ್ಲಿ ಕಟ್ಟಲು ಅವಕಾಶವಿದೆ, ಅರ್ಜಿ ತುಂಬಿಯಾಗಿದೆ. ನೀವು ಪೇಪರು ಓದದೆ, ಸಂಜೆಯ ಮೇಲೆ ಹೊರಗೆ ಹೋಗದೆ ಕಳೆಯುವ ಒಂದು ವರ್ಷವನ್ನು ಮಾತ್ರ ಯಾವ ಕಂತಿನಲ್ಲೂ ಹಿಂದಕ್ಕೆ ಪಡೆಯಲಾಗದು. ಒಂದನ್ನು ಆರಿಸಿಕೊಂಡಾಗ ಕೈಬಿಡಬೇಕಾದದ್ದರ ಬೆಲೆ, ಅವಕಾಶ ವೆಚ್ಚ ಎಂದು ನಾವು ಮೊದಲ ವರ್ಷದಲ್ಲೇ ಓದುವುದು ಇದನ್ನೇ. ಪೊರೆ ಪೂರ್ತಿ ಬಲಿಯಲಿ ಎಂದು ಕಾಯುವುದು ಹಳೆಯ ಕಾಲದ ಮಾತು, ತೀರ ಬಲಿತರೆ ತೆಗೆಯುವುದೇ ಕಷ್ಟವಾಗುತ್ತದೆ. ಈಗೆಲ್ಲ ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ.

ನನ್ನ ಚಿಂತೆ ಖಂಡಿತ ಬೇಡ. ನನ್ನ ವೀಸಾದಲ್ಲಿ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ನಾನು ಲೈಬ್ರರಿಯಲ್ಲಿ ಮಾಡುವುದು 10 ಗಂಟೆ ಮಾತ್ರ. ಊಟ ಬಿಡುತ್ತಿಲ್ಲ, ನಿದ್ದೆ ಕೆಡುತ್ತಿಲ್ಲ, ಕೋಣೆ ಬೆಚ್ಚಗಿದೆ, ಆರೋಗ್ಯ ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ.

ಸುಮಾ, ಇದನ್ನು ಅಪ್ಪನಿಗೆ ಒಂದು ಸಾಲೂ ಬಿಡದೆ ಓದಿ ಹೇಳು, ಆಪರೇಷನ್ ದಿನ ಗೊತ್ತುಮಾಡಿದ ಕೂಡಲೇ ನನಗೆ ತಿಳಿಸು. ಲೈಬ್ರರಿಗೆ ಹೊತ್ತಾಯಿತು, ಅಂಚೆ ಪೆಟ್ಟಿಗೆಯೂ ದಾರಿಯಲ್ಲೇ ಇದೆ. ಉಳಿದದ್ದು ಮುಂದಿನ ಪತ್ರದಲ್ಲಿ.

ಇಂತಿ ನಿಮ್ಮ ಮಗಳು,
ವೀಣಾ