ಟ್ಯಾಬ್ಲೆಟ್ ಪರಿಚಯದಲ್ಲಿ ಚಿತ್ರ ಬರೆಯುವವರ ಕೈಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸ ಟ್ಯಾಬ್ಲೆಟ್‌ಗಳ ಪರಿಚಯ ಬಂದಾಗಲೆಲ್ಲ ಪ್ರೊಸೆಸರ್, ಮೆಮೊರಿ, ಕ್ಯಾಮೆರಾಗಳ ವಿವರ ಧಾರಾಳವಾಗಿರುತ್ತದೆ. ಆದರೆ ಅದರ ಮೇಲೆ ಚಿತ್ರ ಬರೆಯಹೊರಟವರಿಗೆ ಬೇಕಾಗುವ ಪೂರಕ ಸಾಮಗ್ರಿಗಳ ಕುರಿತು ಒಂದು ಸಾಲೂ ಇರುವುದಿಲ್ಲ. ಕಾಗದ, ಪೆನ್ಸಿಲ್, ಇದ್ದಿಲುಗಳಲ್ಲಿ ಕೈ ಪಳಗಿಸಿಕೊಂಡು, ಈಚಿನ ಕೆಲವು ವರ್ಷಗಳಲ್ಲಿ ಟ್ಯಾಬ್ಲೆಟ್‌ಗೆ ಒಗ್ಗಿಕೊಂಡವನಾದ ನನಗೆ ಈ ಕೊರತೆ ಸಣ್ಣದೆನಿಸುವುದಿಲ್ಲ.

ಕಾಗದದ ಮೇಲೆ ಗೆರೆ ಹಿಡಿತಕ್ಕೆ ಸಿಗುವುದು ಅದರ ತರಿಯಿಂದ. ಗಾಜಿನಲ್ಲಿ ಆ ತಡೆಯಿಲ್ಲದ ಕಾರಣ ಪೆನ್ನಿನ ತುದಿ ಜಾರಿ, ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದಕ್ಕೆ ಹೋಗುತ್ತದೆ. ಹೊಸಬರು ಅದನ್ನು ತಮ್ಮ ಕೈಯ ದೋಷವೆಂದೇ ತಿಳಿದುಬಿಡುತ್ತಾರೆ. ಕಾಗದದಂತೆ ತರಿಯಾಗಿರುವ ತೆಳು ಹಾಳೆಯನ್ನು ಪರದೆಗೆ ಅಂಟಿಸಿದರೆ ಈ ಜಾರಿಕೆ ಬಹುಮಟ್ಟಿಗೆ ತಗ್ಗುತ್ತದೆ, ಬೆಳಕಿನ ಪ್ರತಿಫಲನವೂ ಕಡಿಮೆಯಾಗುತ್ತದೆ. ಆದರೆ ಮಾರುವವರು ಹೇಳದ ಮಾತೊಂದಿದೆ: ಹಾಳೆ ಒರಟಾದಷ್ಟೂ ಪೆನ್ನಿನ ಪ್ಲಾಸ್ಟಿಕ್ ತುದಿ ಬೇಗ ಸವೆಯುತ್ತದೆ, ಪರದೆಯ ಸ್ಪಷ್ಟತೆ ಮಂಕಾಗುತ್ತದೆ, ಬಿಳಿಯ ಹಿನ್ನೆಲೆಯಲ್ಲಿ ಬಣ್ಣಬಣ್ಣದ ಸಣ್ಣ ಮಿನುಗು ಕಾಣಿಸುತ್ತದೆ. ಗೆರೆಚಿತ್ರ ಬರೆಯುವವರು ಇದನ್ನು ಸಹಿಸಿಕೊಳ್ಳಬಹುದು. ಬಣ್ಣದ ಸೂಕ್ಷ್ಮ ಛಾಯೆಗಳ ಮೇಲೆ ದುಡಿಯುವವರಿಗೆ ಕಷ್ಟ. ನಾನು ಮೊದಲು ಅಂಟಿಸಿದ ಒರಟು ಹಾಳೆಯನ್ನು ಕಿತ್ತು, ನಯವಾದದ್ದನ್ನು ಹಾಕಿಕೊಂಡೆ. ಅಂಟಿಸಲು ಮನಸ್ಸಿಲ್ಲದವರು ಪೆನ್ನಿನ ತುದಿಯನ್ನೇ ಬದಲಿಸಿ ನೋಡಬಹುದು. ಕೆಲವು ಪೆನ್ನುಗಳಿಗೆ ಫೆಲ್ಟ್‌ನ ತುದಿಗಳು ಸಿಗುತ್ತವೆ. ಅವೂ ಸವೆಯುವಂಥವೇ, ಆದರೆ ಪರದೆ ಮಂಕಾಗುವುದಿಲ್ಲ.

ಕಿರುಬೆರಳು, ಉಂಗುರಬೆರಳುಗಳನ್ನಷ್ಟೇ ಮುಚ್ಚುವ ಕೈಗವಸನ್ನು ಕಂಡು ನಾನೂ ಮೊದಲು ನಕ್ಕಿದ್ದೆ. ಬೆವರಿದ ಅಂಗೈ ಗಾಜಿಗೆ ಅಂಟಿಕೊಂಡು ಉದ್ದನೆಯ ಗೆರೆ ನಡುವೆಯೇ ತಡವರಿಸಿದಾಗ ಅದರ ಬೆಲೆ ತಿಳಿಯಿತು.

ಪೆನ್ನಿನ ವಿಷಯದಲ್ಲಂತೂ ಓದುಗರಿಗೆ ನಿಖರವಾದ ಮಾಹಿತಿ ಬೇಕೇ ಬೇಕು. ಒಂದು ಟ್ಯಾಬ್ಲೆಟ್‌ನ ಪೆನ್ನು ಇನ್ನೊಂದಕ್ಕೆ ಹೊಂದುತ್ತದೆಂಬ ಭರವಸೆಯಿಲ್ಲ. ಸ್ಯಾಮ್‌ಸಂಗ್‌ನ ಎಸ್ ಪೆನ್ ಗೆರೆ ಬರೆಯಲು ಬೇಕಾದ ಶಕ್ತಿಯನ್ನು ಪರದೆಯಿಂದಲೇ ಪಡೆಯುತ್ತದೆ. ಆಪಲ್ ಪೆನ್ಸಿಲ್‌ಗೆ ಚಾರ್ಜ್ ಮಾಡಬೇಕು. ಆಪಲ್ 2023ರಲ್ಲಿ ತಂದ ಯುಎಸ್‌ಬಿ-ಸಿ ಪೆನ್ಸಿಲ್‌ನಲ್ಲಿ ಒತ್ತಡವನ್ನು ಗುರುತಿಸುವ ಸೌಲಭ್ಯವೇ ಇಲ್ಲ, ಎಂದರೆ ಅದನ್ನು ಎಷ್ಟು ಒತ್ತಿದರೂ ಗೆರೆ ದಪ್ಪಗಾಗದು. ಟಿಪ್ಪಣಿ ಬರೆಯುವವರಿಗೆ ಅದು ಸಾಕು, ಚಿತ್ರಕಾರರಿಗೆ ಸಾಲದು. ತೆಳ್ಳಗಿನ ಪೆನ್ನನ್ನು ಹೊತ್ತುಗಟ್ಟಲೆ ಹಿಡಿದು ಬೆರಳು ನೋಯುವವರು ಮೆತ್ತನೆಯ ಸಿಲಿಕೋನ್ ಹಿಡಿಕೆ ತೊಡಿಸಿಕೊಳ್ಳುವುದುಂಟು. ಅದು ತೀರ ದಪ್ಪವಾಗಿದ್ದರೆ, ಟ್ಯಾಬ್ಲೆಟ್‌ನ ಅಂಚಿಗೆ ಅಂಟಿ ಚಾರ್ಜ್ ಆಗುವ ಪೆನ್ನುಗಳು ಅಂಟಿಕೊಳ್ಳದೆ ಹೋಗಬಹುದು.

ಇಷ್ಟೆಲ್ಲದರಲ್ಲಿ ಮೊದಲು ಯಾವುದನ್ನು ಕೊಳ್ಳಬೇಕೆಂದು ಯಾರಾದರೂ ಕೇಳಿದರೆ, ನಾನು ಹೇಳುವುದು ಸ್ಟ್ಯಾಂಡನ್ನು. ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಬರೆಯುವಾಗ ಕುತ್ತಿಗೆ ಬಾಗಿಯೇ ಇರುತ್ತದೆ. ಮೇಲಾಗಿ ಚಿತ್ರವನ್ನು ಓರೆಯಾಗಿ ನೋಡುವುದರಿಂದ ಅಳತೆ ತಪ್ಪಿ, ಮುಖಗಳು ಉದ್ದುದ್ದವಾಗಿ ಮೂಡುತ್ತವೆ. ಸುಮಾರು 20 ಡಿಗ್ರಿಯಷ್ಟು ಎತ್ತಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ವಿಡಿಯೊ ನೋಡಲೆಂದು ಮಾಡಿದ, ಮಡಚುವ ಕವರ್‌ಗಳು ಇದಕ್ಕೆ ಆಗುವುದಿಲ್ಲ. ಅಂಗೈ ಊರಿದೊಡನೆ ಅವು ಕುಸಿಯುತ್ತವೆ. ತುಸು ಭಾರವಿರುವ, ಅಡಿಯಲ್ಲಿ ರಬ್ಬರ್ ಇರುವ, ಕೈಯ ಒತ್ತಡಕ್ಕೆ ಅಲುಗದ ಸ್ಟ್ಯಾಂಡೇ ಬೇಕು.

ಆದ್ದರಿಂದ ಮುಂದಿನ ಪರಿಚಯ ಲೇಖನಗಳಲ್ಲಿ, ಆಯಾ ಟ್ಯಾಬ್ಲೆಟ್‌ಗೆ ಯಾವ ಪೆನ್ನು ಹೊಂದುತ್ತದೆ, ಅದು ಒತ್ತಡವನ್ನು ಗುರುತಿಸುತ್ತದೆಯೇ, ಬದಲಿ ತುದಿಗಳು ಸಿಗುತ್ತವೆಯೇ ಎಂಬ ಮೂರು ವಿವರಗಳನ್ನಾದರೂ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಹವ್ಯಾಸಿ ಚಿತ್ರಕಾರನಾದ ಓರ್ವ ಓದುಗ